ಚರ್ಚಿನ ಹೊಸ್ತಿಲಾಚೆಯ ವಾದ್ಯ: ನಮ್ಮ ಕರಾವಳಿಯಲ್ಲಿ ಕ್ಲಾರಿನೆಟ್

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಧರ್ಮಕೇಂದ್ರದ ಗುರುಗಳ ಪಟ್ಟಿ, ಕಟ್ಟಡದ ವೆಚ್ಚ, ಗಂಟೆಯ ತೂಕ ಇವುಗಳನ್ನು ಇತರರು ಬರೆಯುತ್ತಿರುವರೆಂದು ತಿಳಿದುಬಂದಿತು. ಆದುದರಿಂದ ಯಾರ ಪಟ್ಟಿಯಲ್ಲಿಯೂ ಸೇರದ ಒಂದು ವಿಷಯವನ್ನು ನಾನು ಆರಿಸಿಕೊಂಡೆನು. ಅದು ಹಬ್ಬದ ಮೆರವಣಿಗೆಯ ಮುಂದೆ ಹೋಗುವ, ಶವಯಾತ್ರೆಯ ಮುಂದೆಯೂ ಹೋಗುವ, ಆದರೆ ಬಹುಕಾಲ ಚರ್ಚಿನ ಒಳಗೆ ಬಾರದಿದ್ದ ಒಂದು ಕಪ್ಪು ಕೊಳವೆಯ ಸಮಾಚಾರ. ಅದರ ಹೆಸರು ಕ್ಲಾರಿನೆಟ್. ನಮ್ಮ ಹಿರಿಯರ ಬಾಯಲ್ಲಿ ಅದು ಇಂದಿಗೂ ಕ್ಲಾರಿಯೋನೆಟ್ ಆಗಿಯೇ ಉಳಿದಿದೆ.

ಈ ವಾದ್ಯವನ್ನು ಕೈಗೆತ್ತಿಕೊಂಡವನಿಗೆ ಯಾವ ಕಾಲದಲ್ಲಿಯೂ, ಯಾವ ದೇಶದಲ್ಲಿಯೂ ಪ್ರೋತ್ಸಾಹ ಸುಲಭವಾಗಿ ದೊರೆತಿಲ್ಲ. ಪಂಡಿತರು ಬೇಡವೆಂದರು, ಧರ್ಮಸಭೆ ಎಚ್ಚರಿಸಿತು, ಮನೆಯವರು ತಲೆ ಚಚ್ಚಿಕೊಂಡರು, ವಾದ್ಯವೇ ತನ್ನ ವಿದ್ಯಾರ್ಥಿಯನ್ನು ಅಣಕಿಸಿತು. ಆದರೂ ಅದನ್ನು ಬಿಡದವರು ಇದ್ದರು. ಅವರ ಹಟದ ಕಥೆಯೇ ಈ ಲೇಖನದ ವಸ್ತು.

ಮೊದಲು ಹುಟ್ಟಿನ ವಿಚಾರ. 1700ರ ಸುಮಾರಿಗೆ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯಕಾರನು, ಅದುವರೆಗೆ ಬಳಕೆಯಲ್ಲಿದ್ದ ಶಾಲುಮೋ ಎಂಬ ಸಣ್ಣ ಪೀಪಿಗೆ ಹೊಸ ಕೀಲಿಗಳನ್ನು ಅಳವಡಿಸಿ ಇದಕ್ಕೆ ರೂಪುಕೊಟ್ಟನೆಂದು ಹೇಳುತ್ತಾರೆ. 1791ರಲ್ಲಿ ಮೊಜಾರ್ಟನು ತನ್ನ ಗೆಳೆಯ ಆಂಟನ್ ಸ್ಟಾಡ್ಲರನಿಗಾಗಿ ಕ್ಲಾರಿನೆಟ್ ಕನ್ಚೆರ್ಟೊ ರಚಿಸಿದನು; ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಇಷ್ಟು ದೊಡ್ಡ ಮನ್ನಣೆ ದೊರೆತ ಮೇಲೂ ವಾದ್ಯದ ದೋಷ ಹಾಗೆಯೇ ಉಳಿದಿತ್ತು. ಐದಾರು ಕೀಲಿಗಳ ಅಂದಿನ ಕ್ಲಾರಿನೆಟ್ಟಿನಲ್ಲಿ ಎಲ್ಲ ಶ್ರುತಿಗಳನ್ನೂ ಸಮನಾಗಿ ನುಡಿಸಲಾಗುತ್ತಿರಲಿಲ್ಲ. ಶ್ರುತಿ ಬದಲಾದರೆ ವಾದಕನು ವಾದ್ಯವನ್ನೇ ಬದಲಾಯಿಸಬೇಕಾಗುತ್ತಿತ್ತು.

ಇವಾನ್ ಮ್ಯೂಲರ್ ಎಂಬ ವಾದಕನು ಹದಿಮೂರು ಕೀಲಿಗಳ ಹೊಸ ಕ್ಲಾರಿನೆಟ್ಟನ್ನು ನಿರ್ಮಿಸಿ, 1812ರಲ್ಲಿ ಪ್ಯಾರಿಸಿನ ಸಂಗೀತ ವಿದ್ಯಾಲಯದ ಪರಿಣತರ ಮುಂದಿರಿಸಿದನು. ರಂಧ್ರಗಳನ್ನು ಗಾಳಿ ಸೋರದಂತೆ ಮುಚ್ಚುವ ಮೆತ್ತನೆಯ ಚರ್ಮದ ಬಿಲ್ಲೆಗಳೂ ಅವನ ವಾದ್ಯದಲ್ಲಿದ್ದವು. ಒಂದೇ ವಾದ್ಯದಲ್ಲಿ ಎಲ್ಲ ಶ್ರುತಿಗಳೂ ಸಾಧ್ಯವೆಂಬುದು ಅವನ ವಾದ. ಪರಿಣತರ ಮಂಡಳಿ ಅದನ್ನು ತಿರಸ್ಕರಿಸಿತು. ಬೇರೆ ಬೇರೆ ಉದ್ದದ ಕ್ಲಾರಿನೆಟ್ಟುಗಳಿಗೆ ಬೇರೆ ಬೇರೆ ನಾದಗುಣವಿದೆ, ಒಂದೇ ವಾದ್ಯವನ್ನು ಒಪ್ಪಿಕೊಂಡರೆ ಆ ವೈವಿಧ್ಯ ನಷ್ಟವಾಗುತ್ತದೆ ಎಂಬುದು ಅವರ ಆಕ್ಷೇಪಣೆ. ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ. ಪಂಡಿತರ ಆಕ್ಷೇಪಣೆಗಳು ಹೆಚ್ಚಾಗಿ ಅರ್ಧ ಸತ್ಯವಾಗಿರುತ್ತವೆ, ಅದೇ ಅವುಗಳ ಬಲ. ಮ್ಯೂಲರನು ಮಾತ್ರ ತನ್ನ ವಾದ್ಯವನ್ನು ಕೆಳಗಿಡಲಿಲ್ಲ. ಊರೂರು ತಿರುಗಿ ನುಡಿಸಿ ತೋರಿಸಿದನು. ಕಾಲಕ್ರಮದಲ್ಲಿ ಯೂರೋಪು ಅವನ ಮಾದರಿಯನ್ನೇ ಒಪ್ಪಿತು. ಅದನ್ನು ತಿದ್ದಿ ಬ್ರಸೆಲ್ಸಿನ ಯುಜೆನ್ ಆಲ್ಬರ್ಟನು ತಯಾರಿಸಿದ ಕ್ಲಾರಿನೆಟ್ಟಿಗೆ ಆಲ್ಬರ್ಟ್ ಪದ್ಧತಿಯೆಂಬ ಹೆಸರು ಬಂದಿತು. ಇಷ್ಟರಲ್ಲಿ ಪ್ಯಾರಿಸಿನಲ್ಲಿಯೇ ಕ್ಲೋಸೆ ಮತ್ತು ಬ್ಯೂಫೆ ಎಂಬವರು 1840ರ ಆಸುಪಾಸಿನಲ್ಲಿ ಬೋಯೆಮ್ ಪದ್ಧತಿಯ ಕ್ಲಾರಿನೆಟ್ಟನ್ನು ತಂದರು. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಇಂದು ಕಾಣುವುದು ಹೆಚ್ಚಾಗಿ ಇದೇ. ಆದರೆ ನಮ್ಮ ದೇಶದ ಸಂಗೀತಗಾರರ ಕೈಗೆ ಒಗ್ಗಿದುದು ಹಳೆಯ ಆಲ್ಬರ್ಟ್ ಪದ್ಧತಿ. ಅದರಲ್ಲಿ ಬೆರಳು ನೇರವಾಗಿ ತೆರೆದ ರಂಧ್ರದ ಮೇಲೆ ಕೂರುತ್ತದೆ, ಉಂಗುರ ಕೀಲಿಗಳ ಅಡ್ಡಿ ಕಡಿಮೆ. ಬೆರಳನ್ನು ಮೆಲ್ಲನೆ ಸರಿಸಿದರೆ ಸ್ವರ ಜಾರುತ್ತದೆ. ಜಾರುವ ಸ್ವರವಿಲ್ಲದೆ ನಮ್ಮ ರಾಗವೆಲ್ಲಿ? ಪ್ಯಾರಿಸಿನ ಪಂಡಿತರು ತಳ್ಳಿಹಾಕಿದ ವಾದ್ಯದ ವಂಶವೇ ಹೀಗೆ ಕಾವೇರಿ ತೀರದಲ್ಲಿಯೂ ಅರಬ್ಬೀ ಸಮುದ್ರದ ತೀರದಲ್ಲಿಯೂ ನೆಲೆಗೊಂಡಿತು.

ಇಂಗ್ಲಿಷರ ಪಲ್ಟನ್ನುಗಳ ಬ್ಯಾಂಡಿನ ಜೊತೆಗೆ ಕ್ಲಾರಿನೆಟ್ ಭಾರತಕ್ಕೆ ಬಂದಿತು. ಅಲ್ಲಿಂದ ಸಂಸ್ಥಾನಗಳ ಅರಮನೆಯ ಬ್ಯಾಂಡುಗಳಿಗೆ ಹೋಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ತಂಜಾವೂರಿನ ಮಹಾದೇವ ನಟ್ಟುವನಾರ್ ಅದನ್ನು ನಾಟ್ಯಮೇಳಕ್ಕೆ ತಂದು, ಮುಖವೀಣೆಯಿದ್ದ ಜಾಗದಲ್ಲಿ ನಿಲ್ಲಿಸಿದರೆಂದು ಸಂಗೀತ ಚರಿತ್ರೆಕಾರರು ಹೇಳುತ್ತಾರೆ. ಮುಖವೀಣೆ ನಮಗೂ ಅಪರಿಚಿತವಲ್ಲ. ಹಿಂದಿನ ಯಕ್ಷಗಾನ ಮೇಳಗಳಲ್ಲಿ ಅದಿತ್ತು, ಈಗ ಹುಡುಕಿದರೂ ಸಿಗದು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಬಳಸಿದಾಗ ಎಷ್ಟು ಚರ್ಚೆಯಾಯಿತೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು.

ನಮ್ಮ ಕರಾವಳಿಗೆ ಬಂದ ದಾರಿ ಸ್ವಲ್ಪ ಬೇರೆ. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ವಶಪಡಿಸಿಕೊಂಡರು. ಮುಂದಿನ ಶತಮಾನದಲ್ಲಿ ಕೆಳದಿಯ ನಾಯಕರು ಅದನ್ನು ಕಸಿದುಕೊಂಡರು. 1678ರಲ್ಲಿ ಕೆಳದಿ ಸಂಸ್ಥಾನಕ್ಕೂ ಪೋರ್ಚುಗೀಸರಿಗೂ ಆದ ಒಪ್ಪಂದದಂತೆ ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ ಮೊದಲಾದೆಡೆಗಳಲ್ಲಿ ಚರ್ಚು ಕಟ್ಟಲು ಅನುಮತಿ ದೊರೆಯಿತು. ಅನಂತರ ಸಂತ ಜೋಸೆಫ್ ವಾಜರು ಕೆನರಾ ಸೀಮೆಯಲ್ಲಿ ದುಡಿದರು. 1784ರ ಬಂಧನ, 1799ರ ಬಿಡುಗಡೆ, ಹಾಳುಬಿದ್ದ ಚರ್ಚುಗಳನ್ನು ಮತ್ತೆ ಎಬ್ಬಿಸಿದುದು ಇವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬರುವ ಸಂಗತಿಗಳು. ನನ್ನ ವಿಷಯಕ್ಕೆ ಮುಖ್ಯವಾದುದು ಇಷ್ಟೇ: 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ಧಾರ್ಮಿಕವಾಗಿ ನಾವು 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವಾಗುವವರೆಗೂ ಗೋವೆಗೆ ಸೇರಿದವರಾಗಿದ್ದೆವು, ಕಾರವಾರ ಧರ್ಮಪ್ರಾಂತ್ಯವಾದುದು 1976ರಲ್ಲಿ. ಆದುದರಿಂದ ಕುಮಟಾ, ಹೊನ್ನಾವರ, ಭಟ್ಕಳಗಳ ಕ್ರೈಸ್ತನ ಕಣ್ಣು ಸಂಗೀತಕ್ಕೆ ಗೋವೆಯ ಕಡೆಗೆ, ಹೊಟ್ಟೆಪಾಡಿಗೆ ಮುಂಬಯಿಯ ಕಡೆಗೆ ತಿರುಗಿತ್ತು.

ಗೋವೆಯ ಚರ್ಚುಗಳ ಜೊತೆಗೆ ಧರ್ಮಕೇಂದ್ರದ ಶಾಲೆಯೊಂದು ಇರುತ್ತಿತ್ತು. ಅಲ್ಲಿಯ ಮೆಸ್ತ್ರಿಗಳು ಮಕ್ಕಳಿಗೆ ಪ್ರಾರ್ಥನೆಯ ಜೊತೆಗೆ ಸೊಲ್ಫ ಕಲಿಸುತ್ತಿದ್ದರು, ಅಂದರೆ ಬರೆದ ಸ್ವರಲಿಪಿಯನ್ನು ನೋಡಿ ಹಾಡುವ ವಿದ್ಯೆ. ಸ್ವರಲಿಪಿ ಬಲ್ಲ ಗೋವೆಯವರು ದೇಶದ ಬ್ಯಾಂಡುಗಳಲ್ಲೆಲ್ಲ ತುಂಬಿಕೊಂಡರು, ಹಿಂದೀ ಚಲಚ್ಚಿತ್ರದ ವಾದ್ಯವೃಂದಕ್ಕೂ ಹೋದರು. 1977ರ 'ಅಮರ್ ಅಕ್ಬರ್ ಆಂಥೊನಿ' ಚಿತ್ರದಿಂದಾಗಿ ಆಂಥೊನಿ ಗೊನ್ಸಾಲ್ವಿಸ್ ಎಂಬ ಹೆಸರು ಮನೆಮಾತಾಯಿತು. ಅದು ಕಲ್ಪಿತ ಹೆಸರಲ್ಲ. ಗೋವೆಯ ಮಾಜೊರ್ಡಾದಲ್ಲಿ 1927ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡ ಪಿಟೀಲು ವಿದ್ವಾಂಸರ ಹೆಸರು, ಸಂಗೀತ ನಿರ್ದೇಶಕ ಪ್ಯಾರೇಲಾಲರ ಗುರುಗಳದು. ಮೆಸ್ತ್ರಿಗಳ ಬೆತ್ತದ ರುಚಿ ಕಂಡ ಹಿರಿಯರು ನಮ್ಮಲ್ಲಿಯೂ ಇದ್ದರು.

ಈಗ ಧರ್ಮಸಭೆಯ ನಿಲುವಿಗೆ ಬರೋಣ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 1749ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಆರಾಧನೆಯ ಸಂಗೀತವನ್ನು ಕುರಿತ ತಮ್ಮ ಪತ್ರದಲ್ಲಿ ತಮಟೆ, ಕೊಂಬು, ತುತ್ತೂರಿ, ಓಬೊ, ಕೊಳಲುಗಳನ್ನು ದೂರವಿಟ್ಟರು. ಕ್ಲಾರಿನೆಟ್ ಆಗಿನ್ನೂ ಎಳೆಯ ಕೂಸಾದುದರಿಂದ ನಿಷೇಧಕ್ಕೂ ಅರ್ಹವಾಗಿರಲಿಲ್ಲ! 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿ ಸಂತ ಸಿಸಿಲಿಯಳ ಹಬ್ಬದ ದಿನವೇ, ಪೋಪ್ ಸಂತ ಹತ್ತನೆಯ ಪಿಯುಸರು ಹೊರಡಿಸಿದ ಆಜ್ಞೆ ಮಾತ್ರ ಸ್ಪಷ್ಟವಾಗಿತ್ತು. ಚರ್ಚಿನೊಳಗೆ ಬ್ಯಾಂಡು ಬಾರಿಸುವುದು ಕಟ್ಟುನಿಟ್ಟಾಗಿ ನಿಷಿದ್ಧ. ವಿಶೇಷ ಸಂದರ್ಭದಲ್ಲಿ, ಧರ್ಮಾಧ್ಯಕ್ಷರ ಒಪ್ಪಿಗೆಯಿದ್ದರೆ, ಕೆಲವೇ ಊದುವ ವಾದ್ಯಗಳನ್ನು ಬಳಸಬಹುದು. ಅವೂ ಆರ್ಗನ್ನಿನ ಗಾಂಭೀರ್ಯವನ್ನು ಮೀರಬಾರದು. ಹೊರಗಿನ ಮೆರವಣಿಗೆಯಲ್ಲಿ ಬ್ಯಾಂಡಿಗೆ ಅಡ್ಡಿಯಿಲ್ಲ, ಆದರೆ ಲೌಕಿಕ ಹಾಡುಗಳು ಕೂಡದು.

ಈ ಆಜ್ಞೆಯನ್ನು ಹೀಗಳೆಯುವವರನ್ನು ನಾನು ಒಪ್ಪಲಾರೆ. ಅಂದಿನ ಇಟಲಿಯ ಚರ್ಚುಗಳಲ್ಲಿ ನಾಟಕಶಾಲೆಯ ಹಾಡುಗಳೇ ಬಲಿಪೂಜೆಯ ಪದಗಳನ್ನು ಹೊದ್ದುಕೊಂಡು ಬರುತ್ತಿದ್ದವು. ಅದಕ್ಕೊಂದು ಲಗಾಮು ಬೇಕಿತ್ತು. ಆದರೆ ನಮ್ಮ ಹಳ್ಳಿಯ ವಾದಕನ ಪಾಡನ್ನು ಯೋಚಿಸಿರಿ. ಹಬ್ಬದ ಹಿಂದಿನ ಸಂಜೆ, ಹಬ್ಬದ ದಿನ, ಶಿಲುಬೆಯ ಹಿಂದೆ ಸುಡುಬಿಸಿಲಿನಲ್ಲಿ ಊದುತ್ತ ಬಂದವನು ಚರ್ಚಿನ ಬಾಗಿಲಲ್ಲಿ ವಾದ್ಯವನ್ನು ಕಂಕುಳಲ್ಲಿ ಇರಿಸಿಕೊಂಡು ಒಳಗೆ ಹೋಗಿ ಮೊಣಕಾಲೂರುತ್ತಿದ್ದನು. ಒಳಗೆ ಹಾರ್ಮೋನಿಯಂ, ಪಿಟೀಲು. ಹೊರಗೆ ಕ್ಲಾರಿನೆಟ್, ಡೋಲು. ಅರುವತ್ತು ವರ್ಷಗಳ ಕಾಲ ಹೊಸ್ತಿಲೇ ಗಡಿಯಾಗಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಆರಾಧನಾವಿಧಿಯ ಸಂವಿಧಾನವನ್ನು ಪ್ರಕಟಿಸಿ, ಆರ್ಗನ್ನಿಗೆ ಅಗ್ರಸ್ಥಾನವನ್ನು ಉಳಿಸಿಕೊಂಡೇ, ಆರಾಧನೆಗೆ ತಕ್ಕುದಾದ ಇತರ ವಾದ್ಯಗಳಿಗೂ ಬಾಗಿಲು ತೆರೆಯಿತು. 1967ರ ಮಾರ್ಚ್ 5ರ ಸೂಚನೆಯು ಆಯಾ ಜನರ ಸಂಸ್ಕೃತಿಯನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದಿತು. ಹಾಲಕ್ಕಿಯವರೂ ಗೋವೆಯ ಕ್ರೈಸ್ತರೂ ನುಡಿಸುವ ಗುಮಟೆಗೂ ಇದರಿಂದ ದಾರಿಯಾಯಿತು. ಕ್ಲಾರಿನೆಟ್ಟಿಗೂ ಒಳಗೆ ಬರುವ ಹಕ್ಕು ಬಂದಿತು. ವಿಪರ್ಯಾಸವೆಂದರೆ, ಹಕ್ಕು ಬಂದ ಕೆಲವೇ ದಶಕಗಳಲ್ಲಿ ವಿದ್ಯುತ್ ಕೀಬೋರ್ಡು ಒಳಗಿನ ಜಾಗವನ್ನೆಲ್ಲ ಆಕ್ರಮಿಸಿತು. ಒಂದು ಗುಂಡಿ ಒತ್ತಿದರೆ ಅದರಲ್ಲಿಯೇ ಕ್ಲಾರಿನೆಟ್ಟಿನ ಸದ್ದೂ ಬರುತ್ತದೆಯೆಂದು ಯುವಕರು ನನಗೆ ತೋರಿಸಿದ್ದಾರೆ. ಬರುತ್ತದೆ, ನಿಜ. ಅದಕ್ಕೆ ಉಸಿರಿಲ್ಲ.

ಉಸಿರಿನ ಮಾತು ಬಂದುದರಿಂದ ವಾದ್ಯವೇ ಒಡ್ಡುವ ಪರೀಕ್ಷೆಯನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಹೆಚ್ಚಿನ ಹುಡುಗರು ಬಿಟ್ಟುಹೋಗುವುದು ಜನರ ಮಾತಿಗಿಂತ ಇದರಿಂದಲೇ. ಕೊಳಲಿನಲ್ಲಿ ಜೋರಾಗಿ ಊದಿದರೆ ಅದೇ ಬೆರಳಿಗೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಕೇಳುತ್ತದೆ. ಕ್ಲಾರಿನೆಟ್ ಹಾಗಲ್ಲ. ಅದರ ಕೊಳವೆ ಒಂದೇ ಅಗಲದ್ದು, ಬಾಯಿಯ ತುದಿ ಮುಚ್ಚಿದಂತೆ ವರ್ತಿಸುತ್ತದೆ. ಆದುದರಿಂದ ಹೆಬ್ಬೆರಳಿನ ಕೀಲಿ ಒತ್ತಿದಾಗ ಸ್ವರ ಎಂಟನೆಯದಕ್ಕೆ ಏರದೆ ನೇರವಾಗಿ ಹನ್ನೆರಡನೆಯದಕ್ಕೆ ಜಿಗಿಯುತ್ತದೆ: ಕೆಳಗಿನ ಷಡ್ಜದ ಬೆರಳಿಗೆ ಮೇಲಿನ ಪಂಚಮ. ಕೆಳಸ್ಥಾಯಿಗೆ ಒಂದು ಬೆರಳುಪಾಠ, ಮೇಲ್ಸ್ಥಾಯಿಗೆ ಇನ್ನೊಂದು. ಇವೆರಡರ ನಡುವೆ ಒಂದು ಸಂದು ಇದೆ. ಬೆರಳುಗಳು ಬಹುಮಟ್ಟಿಗೆ ತೆರೆದಿರುವ ಸ್ವರದಿಂದ, ಎಲ್ಲ ಬೆರಳುಗಳೂ ಒಮ್ಮೆಲೇ ಮುಚ್ಚಬೇಕಾದ ಪಕ್ಕದ ಸ್ವರಕ್ಕೆ ಅಲ್ಲಿ ದಾಟಬೇಕು. ಒಂದು ಬೆರಳು ಕೂದಲೆಳೆಯಷ್ಟು ಜಾರಿದರೂ ವಾದ್ಯ ಕಿರುಚುತ್ತದೆ. ಆ ಕಿರುಚಾಟವನ್ನು ತಿಂಗಳುಗಟ್ಟಲೆ ಸಹಿಸಬಲ್ಲ ತಾಯಂದಿರು ಕಡಿಮೆ.

ಇದರ ಮೇಲೆ ಇನ್ನೊಂದು ತೊಡಕು. ನಮ್ಮಲ್ಲಿ ಬಳಕೆಯಲ್ಲಿರುವುದು ಬಿ-ಫ್ಲಾಟ್ ಕ್ಲಾರಿನೆಟ್. ವಾದಕನು 'ಸಿ' ಎಂದು ಓದಿ ನುಡಿಸಿದರೆ ಕೇಳುವುದು ಒಂದು ಸ್ವರ ಕೆಳಗಿನ ಬಿ-ಫ್ಲಾಟ್. ಗಾಯನವೃಂದದ ಪುಸ್ತಕ ಹಾರ್ಮೋನಿಯಮಿಗಾಗಿ ಬರೆದುದು. ಆದುದರಿಂದ ಅವರು ಎಫ್ ಶ್ರುತಿಯಲ್ಲಿ ಹಾಡಿದರೆ ಇವನು ಜಿ ಶ್ರುತಿಯಲ್ಲಿ, ಅವರು ಡಿ ಹಿಡಿದರೆ ಇವನು ನಾಲ್ಕು ತೀವ್ರಸ್ವರಗಳ ಇ ಶ್ರುತಿಯಲ್ಲಿ ನುಡಿಸಬೇಕು. ಅದೂ ಪುಸ್ತಕ ನೋಡುತ್ತಲೇ, ಮನಸ್ಸಿನಲ್ಲಿಯೇ ಸ್ವರ ಏರಿಸಿಕೊಂಡು. ಮೆಸ್ತ್ರಿಗಳ ಸೊಲ್ಫ ಪಾಠ ಇಲ್ಲದವನಿಗೆ ಇದು ಸಾಧ್ಯವೇ ಇರಲಿಲ್ಲ. ಗುರುಮಠದಲ್ಲಿ ಗ್ರೆಗೋರಿಯನ್ ಗಾನವನ್ನು ನಾಲ್ಕು ಗೆರೆಗಳ ಮೇಲೆ ಓದಲು ಕಲಿತ ನನಗೆ ಈ ಲೆಕ್ಕಾಚಾರ ಅರ್ಥವಾದುದೇ ಬಹಳ ತಡವಾಗಿ. ನಾಲ್ಕನೆಯ ತರಗತಿ ಮುಗಿಸಿದ ಒಬ್ಬ ಬಡಗಿ ಅದನ್ನು ನನ್ನೆದುರು ಲೀಲಾಜಾಲವಾಗಿ ಮಾಡಿ ತೋರಿಸಿದನು.

ಆತನು ಹೊನ್ನಾವರ ತಾಲೂಕಿನವನು. ಹೆಸರು ಬೇಡ, ಆತನಿಗೇ ಅದು ಇಷ್ಟವಾಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಮಾವನ ಮನೆಯವರು, "ಬಡಗಿ ಎಂದು ಹೆಣ್ಣು ಕೊಟ್ಟೆವು, ಬ್ಯಾಂಡಿನವನೆಂದು ಗೊತ್ತಿದ್ದರೆ ಕೊಡುತ್ತಿರಲಿಲ್ಲ" ಎಂದಿದ್ದರಂತೆ. ಆ ಕಾಲದಲ್ಲಿ ಬ್ಯಾಂಡಿನವನೆಂದರೆ ರಾತ್ರಿ ಮದುವೆ ಮನೆಯಲ್ಲಿ ಕುಡಿದು ಬೆಳಿಗ್ಗೆ ಮನೆಗೆ ಬರುವವನೆಂಬ ಭಾವನೆ ಇತ್ತು, ಅದಕ್ಕೆ ಕಾರಣವೂ ಇಲ್ಲದಿರಲಿಲ್ಲ. "ಫಾದರ್, ನಾನು ಕುಡಿಯಲಿಲ್ಲ. ಕುಡಿದರೆ ತುಟಿ ಸಡಿಲವಾಗುತ್ತದೆ, ಸಂದು ದಾಟುವುದಿಲ್ಲ" ಎಂದು ಆತನು ಹೇಳಿದುದು ನನಗೆ ಬಹಳ ಹಿಡಿಸಿತು. ಮದ್ಯಪಾನದ ವಿರುದ್ಧ ನಾನು ಕೊಟ್ಟ ಎಷ್ಟೋ ಪ್ರಸಂಗಗಳಲ್ಲಿ ಇಷ್ಟು ಬಲವಾದ ವಾದವಿರಲಿಲ್ಲ.

ಶಾಸ್ತ್ರೀಯ ಸಂಗೀತದ ಅಂಗಳದಲ್ಲಿಯೂ ವಿರೋಧವೇ. ವಿದೇಶೀ ವಾದ್ಯದಲ್ಲಿ ಗಮಕ ಬಾರದೆಂಬ ವಾದ ಪ್ರಬಲವಾಗಿತ್ತು. ಇದೇ ಕಾರಣಕ್ಕೆ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದುದು 1971ರಲ್ಲಿ. ಕ್ಲಾರಿನೆಟ್ಟಿಗೆ ಅಂಥ ನಿಷೇಧವಾಗದಿದ್ದರೂ, ಅದನ್ನು ಮದುವೆಯ ವಾಲಗಕ್ಕೆ ಮಾತ್ರ ತಕ್ಕುದೆಂದು ಕಾಣುವವರು ಬಹಳ ಮಂದಿ ಇದ್ದರು. ತಿರುಚಿರಾಪಳ್ಳಿಯ ಎ. ಕೆ. ಸಿ. ನಟರಾಜನ್ 1931ರಲ್ಲಿ ಹುಟ್ಟಿದವರು, ನಾಗಸ್ವರದ ಶಿಕ್ಷಣ ಪಡೆದು ಆ ಬಾಣಿಯನ್ನೇ ಕ್ಲಾರಿನೆಟ್ಟಿಗೆ ಇಳಿಸಿದರು. ನಾಗಸ್ವರ ಚಕ್ರವರ್ತಿ ರಾಜರತ್ನಂ ಪಿಳ್ಳೆಯವರೇ ಅವರನ್ನು 'ಕ್ಲಾರಿನೆಟ್ ಎವರೆಸ್ಟ್' ಎಂದು ಕರೆದರು. 2008ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯು ಸಂಗೀತ ಕಲಾನಿಧಿ ಬಿರುದನ್ನು ನೀಡಿತು, 2022ರಲ್ಲಿ ಪದ್ಮಶ್ರೀ ಬಂದಿತು. ಬಾಲ್ಯದಲ್ಲಿ ಹಿಡಿದ ವಾದ್ಯಕ್ಕೆ ದೇಶದ ಮನ್ನಣೆ ದೊರೆಯುವಾಗ ಅವರಿಗೆ ತೊಂಬತ್ತು ದಾಟಿತ್ತು.

ನಮ್ಮ ರಾಜ್ಯದಲ್ಲಿ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರದು ಇನ್ನೂ ಕಠಿಣವಾದ ದಾರಿ. ಕರ್ನಾಟಕ ಸಂಗೀತದಲ್ಲಿ ಕ್ಲಾರಿನೆಟ್ಟಿಗೆ ನೂರು ವರ್ಷಗಳ ಪರಂಪರೆಯಾದರೂ ಇತ್ತು. ಹಿಂದೂಸ್ತಾನಿಯಲ್ಲಿ ಶಹನಾಯಿಯ ಎದುರು ಅದನ್ನು ಕೇಳುವವರು ವಿರಳ. ಅವರು ಗಾಯಕ ಸಿದ್ಧರಾಮ ಜಂಬಲದಿನ್ನಿಯವರಲ್ಲಿ ಹಾಡುಗಾರಿಕೆಯನ್ನು ಕಲಿತು, ಖ್ಯಾಲನ್ನು ಕ್ಲಾರಿನೆಟ್ಟಿನಲ್ಲಿ ನುಡಿಸಿದರು. ಹಾಡುವ ಕಂಠವನ್ನು ಒಳಗಿಟ್ಟುಕೊಂಡು ಊದುವುದು ಅವರ ಬಾಣಿಯ ಗುಟ್ಟೆಂದು ನನಗೆ ತೋರುತ್ತದೆ.

ಕ್ಲಾರಿನೆಟ್ಟಿನ ತಮ್ಮನಾದ ಸ್ಯಾಕ್ಸೊಫೋನಿನ ವಿಷಯ ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತು, ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರರಲ್ಲಿ ಶಿಷ್ಯತ್ವ ವಹಿಸಿ, ವಾದ್ಯದ ಕೀಲಿಗಳನ್ನೇ ತಿದ್ದಿಸಿಕೊಂಡು, ಸುಮಾರು ಇಪ್ಪತ್ತು ವರ್ಷ ಸಾಧನೆ ಮಾಡಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಳ್ಳುವಾಗ ದಕ್ಷಿಣ ಕನ್ನಡದ ಎಷ್ಟೋ ದೇವಸ್ಥಾನಗಳಲ್ಲಿ ನಾಗಸ್ವರದ ಬದಲು ಸ್ಯಾಕ್ಸೊಫೋನ್ ಕೇಳುತ್ತಿತ್ತು. ಒಬ್ಬನ ಹಟ ಒಂದು ಜಿಲ್ಲೆಯ ಕಿವಿಯನ್ನೇ ಬದಲಾಯಿಸಿತು. ಇದರಿಂದ ನಾಗಸ್ವರಕ್ಕೆ ಆದ ನಷ್ಟವನ್ನು ಮಾತ್ರ ಯಾರೂ ಲೆಕ್ಕ ಹಾಕಿಲ್ಲ.

ಇನ್ನು ನಮ್ಮ ಧರ್ಮಕೇಂದ್ರದ ಮಾತು. ಹಿಂದೆ ಮೆರವಣಿಗೆಯಲ್ಲಿ ಊದಿದವರ ಮನೆಗಳಲ್ಲಿ ಕೆಲವು ಕ್ಲಾರಿನೆಟ್ಟುಗಳು ಕಪಾಟಿನಲ್ಲಿ ಮಲಗಿವೆ. ಆಫ್ರಿಕದ ಕರಿಮರದಿಂದ ಮಾಡಿದವು ಕರಾವಳಿಯ ಹವೆಯಲ್ಲಿ ಬಹಳ ನರಳುತ್ತವೆ: ಜೂನಿನಲ್ಲಿ ಉಬ್ಬಿ ಕೀಲು ಬಿಗಿಯುತ್ತದೆ, ಫೆಬ್ರವರಿಯ ಒಣಗಾಳಿಗೆ ಸೀಳು ಬೀಳುತ್ತದೆ. ಎಬೊನೈಟಿನವು ಹೆಚ್ಚು ಬಾಳುತ್ತವೆ. ಬಾಯಿಗಿಡುವ ರೀಡು ದಕ್ಷಿಣ ಫ್ರಾನ್ಸಿನ ಜೊಂಡಿನದು. ನಮ್ಮ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಚರ್ಮದ ಬಿಲ್ಲೆಗಳನ್ನು ಜಿರಳೆ ತಿನ್ನುತ್ತದೆ. ಇಷ್ಟಾದರೂ, ಒಡೆಯದ ಮರ ಮತ್ತು ನೆಟ್ಟಗಿನ ಕೀಲಿಗಳಿದ್ದರೆ ಬಿಲ್ಲೆ ಬದಲಾಯಿಸಿ ವಾದ್ಯವನ್ನು ಮತ್ತೆ ನುಡಿಸುವಂತೆ ಮಾಡಬಹುದೆಂದು ತಿಳಿದವರು ಹೇಳುತ್ತಾರೆ.

ಕಳೆದ ವರ್ಷ ಹೈಸ್ಕೂಲಿಗೆ ಹೋಗುವ ಒಬ್ಬಳು ಹುಡುಗಿ ತನ್ನ ಅಜ್ಜನ ಕ್ಲಾರಿನೆಟ್ಟನ್ನು ಹೊರತೆಗೆದು ಊದಲು ತೊಡಗಿದ್ದಾಳೆ. ಹುಡುಗಿಗೆ ಬ್ಯಾಂಡಿನ ವಾದ್ಯವೇಕೆ, ಪರೀಕ್ಷೆಯ ವರ್ಷ ಇದೆಲ್ಲ ಬೇಕೆ, ಕೀಬೋರ್ಡು ಕಲಿತರೆ ಚರ್ಚಿಗಾದರೂ ಉಪಯೋಗವಾಗುತ್ತಿತ್ತಲ್ಲ ಎಂದು ಹೇಳುವವರು ನಮ್ಮಲ್ಲಿಯೇ ಇದ್ದಾರೆ. ನನ್ನ ಬಳಿಗೂ ಬಂದು ಹೇಳಿದ್ದಾರೆ. ಅವಳ ಮನೆಯಲ್ಲಿ ಜಾಗ ಸಾಲದು, ಪಕ್ಕದ ಮನೆಯವರಿಗೆ ಕಿರಿಕಿರಿ. ಆದುದರಿಂದ ಸಂಜೆ ಐದೂವರೆಯಿಂದ ಆರೂವರೆಯವರೆಗೆ ಧರ್ಮೋಪದೇಶದ ಕೋಣೆಯ ಬೀಗದ ಕೈಯನ್ನು ಅವಳಿಗೆ ಕೊಟ್ಟಿದ್ದೇನೆ. ಕಿಟಕಿ ಸಮುದ್ರದ ಕಡೆಗಿದೆ. ಕೆಳಗಿನ ಸ್ಥಾಯಿ ಈಗ ಚೆನ್ನಾಗಿ ಕೇಳುತ್ತಿದೆ. ಸಂದು ದಾಟುವಾಗ ಹತ್ತರಲ್ಲಿ ನಾಲ್ಕು ಸಲ ಕಿರುಚುತ್ತದೆ. ಕೇಳಿ ಬೇಸರವಾದವರು ಆ ಹೊತ್ತಿನಲ್ಲಿ ಧರ್ಮಗುರುಗಳ ನಿವಾಸಕ್ಕೆ ಬಂದು ಕಾಫಿ ಕುಡಿದು ಹೋಗಬಹುದು.